ರಿಬ್ಬನ್ ಕಟ್ಟಿದ ಎಕ್ಸ್‌ರೇ ಯಂತ್ರ

ಹೋದ ತಿಂಗಳು ಕಮಲಾಪುರದಲ್ಲಿ ನನ್ನ ಮೈದುನನ ಮನೆಗೆ ಹೊಸ ಫ್ರಿಜ್ ಬಂತು. ರಟ್ಟಿನ ಪೆಟ್ಟಿಗೆ ಬಿಚ್ಚಿದ ಕೂಡಲೇ ಥರ್ಮೋಕೋಲ್ ಮತ್ತು ಹೊಸ ಪ್ಲಾಸ್ಟಿಕ್ಕಿನ ವಾಸನೆ ಪಡಸಾಲೆಯನ್ನೆಲ್ಲ ತುಂಬಿತು. ನನ್ನ ನೆಗೆಣ್ಣಿ ಅದಕ್ಕೆ ಕುಂಕುಮ ಹಚ್ಚಿ, "ಶುಕ್ರವಾರ ಪೂಜಾ ಮಾಡಿ ಚಾಲೂ ಮಾಡೋಣು, ಅಲ್ಲೀತನ ಹಂಗೇ ಇರಲಿ" ಅಂದಳು. ಅಂದು ಸೋಮವಾರ. ಅಡುಗೆಮನೆಯಲ್ಲಿ ಬೆಳಗಿನ ಹಾಲು ಆಗಲೇ ಒಡೆದಿತ್ತು.

"ಈಗೇ ಪ್ಲಗ್ ಹಾಕು. ಇದನ್ನ ತಂದಿದ್ದು ಹಾಲು ಇಡಾಕೋ, ನೋಡ್ಕೋತ ಕೂಡಾಕೋ?" ಎಂದು ನಾನು ಎಷ್ಟು ಒರಟಾಗಿ ಅಂದೆನೆಂದರೆ, ಆಕೆ ಕುಂಕುಮದ ಬಟ್ಟಲು ಹಿಡಿದುಕೊಂಡೇ ನಿಂತುಬಿಟ್ಟಳು. ಆಮೇಲೆ ನನಗೇ ನಾಚಿಕೆಯಾಯಿತು. ಆ ಸಿಟ್ಟು ಅವಳ ಮೇಲಿನದಾಗಿರಲಿಲ್ಲ. ಅದೇ ವಾಸನೆ ಒಂದು ಮಳೆಗಾಲದಲ್ಲಿ ವಾರಗಟ್ಟಲೆ ನನ್ನ ಮೂಗಿಗೆ ಬಡಿಯುತ್ತಿತ್ತು. ಆ ವರ್ಷ ನಾನು ಪಟ್ಟ ಬೇಸರವೆಲ್ಲ ಹಿಂದಿರುಗಿ ಬಂದು ಪಾಪದ ನೆಗೆಣ್ಣಿಯ ಮೇಲೆ ಬಿತ್ತು.

ಆಗ ನಾನು ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದೆ. ದಿನವೂ ಕಮಲಾಪುರದಿಂದ ಬಸ್ಸಿನಲ್ಲಿ ಹೋಗಿ ಬರುವುದು. ಆ ಕೆಲಸಕ್ಕೆ ಸೇರಿ ಹದಿನೆಂಟು ವರ್ಷವಾಗಿತ್ತು. ಕೈಕಾಲು ಮುರಿದವರು, ಬೆನ್ನು ಹಿಡಿದವರು, ರೂಪಾಯಿ ನಾಣ್ಯ ನುಂಗಿದ ಮಕ್ಕಳು, ಎಲ್ಲರನ್ನೂ ಒಳಗಿನಿಂದ ನೋಡಿದವಳು ನಾನು. ಆದರೂ ಅರ್ಧ ಆಸ್ಪತ್ರೆ ನನ್ನನ್ನು ನರ್ಸ್ ಎಂದೇ ತಿಳಿದಿತ್ತು.

ನಮ್ಮ ತುರ್ತು ವಿಭಾಗ ಹಳೆಯ ಕಟ್ಟಡದಲ್ಲಿತ್ತು. ಅದನ್ನು ಕಟ್ಟಿದವರಿಗೆ ಎಕ್ಸ್‌ರೇ ಕೋಣೆಯ ನೆನಪು ಕೊನೆಗೆ ಬಂದಿರಬೇಕು. ರೋಗಿ ಇಳಿಯುವುದು ಈ ತುದಿಯಲ್ಲಿ, ಎಕ್ಸ್‌ರೇ ಆ ತುದಿಯಲ್ಲಿ. ನಡುವೆ ಔಷಧ ಕೊಡುವ ಕಿಟಕಿಯ ಸಾಲು, ಆಮೇಲೆ ಒಂದು ತೆರೆದ ವರಾಂಡ, ಅದರಾಚೆ ಎತ್ತರದ ಕಲ್ಲಿನ ಹೊಸ್ತಿಲು. ಬೇಸಿಗೆಯಲ್ಲಿ ವರಾಂಡದ ಹಾಸುಗಲ್ಲು ಎಷ್ಟು ಕಾಯುತ್ತಿತ್ತೆಂದರೆ ಚಪ್ಪಲಿಯೊಳಗೂ ಬಿಸಿ ತಾಕುತ್ತಿತ್ತು. ಕೋಣೆಯ ಬಾಗಿಲಿಗೆ ಸ್ಟ್ರೆಚರ್ ನೇರವಾಗಿ ಹಿಡಿಸುತ್ತಿರಲಿಲ್ಲ. ಓರೆ ಮಾಡಿ, ಒಂದು ತುದಿ ಎತ್ತಿ, ದಬ್ಬಬೇಕು. ಒಳಗೆ ಹೋದ ಮೇಲೆ ರೋಗಿಯನ್ನು ಎತ್ತಿ ನೆಲಕ್ಕೆ ಬಿಗಿದ ಮೇಜಿನ ಮೇಲೆ ಮಲಗಿಸಬೇಕು. ಈ ಎಲ್ಲ ಕೆಲಸದಲ್ಲಿ ನನ್ನ ಜೊತೆಗಿದ್ದವನು ಖಾಜಾಪಾಷಾ. ನನಗಿಂತ ನಾಲ್ಕು ವರ್ಷ ಚಿಕ್ಕವನಾದ, ಮೂರು ಹೆಣ್ಣುಮಕ್ಕಳ ತಂದೆಯಾದ ಅಟೆಂಡರ್. ನನ್ನನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ.

ಆ ಬೇಸಿಗೆಯ ಒಂದು ಮಧ್ಯಾಹ್ನ ರೋಜಾ ಬಡಾವಣೆಯ ಹಮೀದ್ ಎಂಬ ಆಟೊ ಡ್ರೈವರನನ್ನು ಕರೆತಂದರು. ಆಟೊ ಪಲ್ಟಿಯಾಗಿ ಕುತ್ತಿಗೆಗೆ ಪೆಟ್ಟಾಗಿತ್ತು. ಮಾತಾಡುತ್ತಿದ್ದ, ಎರಡೂ ಕೈ ಆಡಿಸುತ್ತಿದ್ದ. ಕುತ್ತಿಗೆಗೆ ಪಟ್ಟಿ ಹಾಕಿ ನನ್ನಲ್ಲಿಗೆ ಕಳಿಸಿದರು. ಹೊಸ್ತಿಲಲ್ಲಿ ಸ್ಟ್ರೆಚರ್ ಎಷ್ಟು ಮೆಲ್ಲಗೆ ಇಳಿಸಿದರೂ ಧಡಕ್ಕೆಂದಿತು. ನಾಲ್ವರು ಸೇರಿ ಅವನನ್ನು ಮೇಜಿಗೆ ಎತ್ತಿಟ್ಟೆವು. ಮೊದಲ ಚಿತ್ರ ಸರಿಯಾಗಿ ಬರಲಿಲ್ಲ, ಮೈಯಡಿ ಇಟ್ಟಿದ್ದ, ಚಿತ್ರ ಮೂಡುವ ಹಳೆಯ ಪ್ಲೇಟು ಕೈಕೊಟ್ಟಿತ್ತು. ಅವನ ಮೈಯನ್ನು ಮತ್ತೆ ಎತ್ತಿ ಅದನ್ನು ತೆಗೆದು ಇನ್ನೊಂದನ್ನು ಇಟ್ಟೆವು. ಮುಗಿದ ಮೇಲೆ ಮೂರನೇ ಸಲ ಎತ್ತಿ ಸ್ಟ್ರೆಚರಿಗೆ ಇಡುವಾಗ ಅವನು ನನ್ನ ಕಡೆ ಕಣ್ಣು ಹೊರಳಿಸಿ, "ಆಪಾ, ಕೈ ಜೋಮ್ ಹಿಡಿಯಾಕತ್ಯಾವ" ಅಂದ.

ಅವನನ್ನು ಹೈದರಾಬಾದಿಗೆ ಕಳಿಸಿದರು. ಜೀವ ಉಳಿಯಿತು. ಆದರೆ ಬಲಗೈ ಮೊದಲಿನಂತಾಗಲಿಲ್ಲವೆಂದೂ, ಆಟೊ ಮಾರಿದನೆಂದೂ ಖಾಜಾಪಾಷಾನಿಂದ ತಿಳಿಯಿತು. ಬಿದ್ದಾಗಲೇ ಆದ ಪೆಟ್ಟು ಆಮೇಲೆ ಕಾಣಿಸಿಕೊಂಡಿರಬಹುದು ಎಂದು ಡಾಕ್ಟರರು ಹೇಳಿದರು. ಇರಬಹುದು. ನಾವು ಮೂರು ಸಲ ಎತ್ತಿದ್ದರಿಂದಲೂ ಇರಬಹುದು. ನನ್ನ ಕೈ ಆಗ ಅವನ ಭುಜದ ಕೆಳಗಿತ್ತು. ಅದು ನನಗೆ ಗೊತ್ತಿರುವ ಮಾತು.

ಒಂದು ತಿಂಗಳೊಳಗೆ ಊರಿನ ಒಬ್ಬ ದಾಲ್ ಮಿಲ್ ಮಾಲೀಕರು, ವಯಸ್ಸಾದವರು, ತೀರಿಹೋದ ತಮ್ಮ ಹೆಂಡತಿಯ ಹೆಸರಿನಲ್ಲಿ ತುರ್ತು ವಿಭಾಗಕ್ಕೆ ಹೊಸ ಎಕ್ಸ್‌ರೇ ಯಂತ್ರ ಕೊಡಿಸುತ್ತೇನೆ ಎಂದು ಮುಂದೆ ಬಂದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಯಾವ ಯಂತ್ರ ಕೊಳ್ಳಬೇಕೆಂದು ನಿರ್ಧರಿಸಲು ಸೂಪರಿಂಟೆಂಡೆಂಟ್ ಸಾಹೇಬರು ಏಳು ಜನರ ಸಮಿತಿ ಮಾಡಿದರು. ಅದರಲ್ಲಿ ಕಣ್ಣಿನ ಡಾಕ್ಟರರಿದ್ದರು, ಲೆಕ್ಕಪತ್ರದವರಿದ್ದರು, ಸ್ಟೋರಿನವರಿದ್ದರು. ಎಕ್ಸ್‌ರೇ ತೆಗೆಯುವವರು ಒಬ್ಬರೂ ಇರಲಿಲ್ಲ. ತುರ್ತು ವಿಭಾಗದ ಮುಖ್ಯಸ್ಥೆ ಡಾ. ಶೈಲಜಾ ಜಗಳ ಮಾಡಿ ನನ್ನನ್ನು ಒಳಗೆ ಸೇರಿಸಿದರು. ಆಕೆ ವಯಸ್ಸಿನಲ್ಲಿ ನನಗಿಂತ ಸಣ್ಣವರು, ಗಟ್ಟಿ ಹೆಂಗಸು. ನನಗೆ ಸಿಕ್ಕ ಜಾಗ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿ. ಮೊದಲನೇ ಸಭೆಯಲ್ಲಿ ಚಹಾ ಕುಡಿದು ಮುಗಿಸಿದ ಲೆಕ್ಕಪತ್ರದವರು ಖಾಲಿ ಕಪ್ಪನ್ನು ನನ್ನ ಕೈಗೆ ಕೊಟ್ಟರು. ನಾನು ಇಸಿದುಕೊಂಡೆ. ಈಗಲೂ ಅದನ್ನು ನೆನೆದರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಕಂಪನಿಯವನು ಪರದೆಯ ಮೇಲೆ ಚಿತ್ರ ತೋರಿಸಿದ. ಛತ್ತಿನಿಂದ ಇಳಿಬಿದ್ದ ದೊಡ್ಡ ತೋಳು, ತಾನೇ ತಿರುಗುತ್ತದೆ, ತಾನೇ ಇಳಿಯುತ್ತದೆ, ನೀಲಿ ದೀಪ ಹತ್ತುತ್ತದೆ. ಸಮಿತಿಯವರ ಮುಖಕ್ಕೂ ಬೆಳಕು ಬಂತು.

"ಇದು ಹೈದರಾಬಾದನ್ಯಾಗ ಯಾರ ಬಲ್ಲಿ ಅದ?" ಎಂದರು ಸಾಹೇಬರು.

"ದೊಡ್ಡ ದೊಡ್ಡ ಆಸ್ಪತ್ರೆಯೊಳಗ ಅದ ಸರ್. ಈ ಭಾಗದಾಗ ನಿಮ್ಮದೇ ಮೊದಲನೇದು ಆಗ್ತದ."

ಅಷ್ಟು ಸಾಕಾಯಿತು. ನಾನು ಎದ್ದು ಕೇಳಿದೆ. "ಸರ್, ಪೇಷಂಟನ್ನ ಸ್ಟ್ರೆಚರ್ ಮ್ಯಾಲಿಂದ ಎತ್ತಲಾರದ ಎಕ್ಸ್‌ರೇ ತೆಗೀಬೇಕು. ಇದಕ್ಕೂ ಆ ಕಡಿ ಕೋಣಿಗೇ ಒಯ್ಯಬೇಕಾಗ್ತದಲ್ರೀ? ನಾವು ಪೇಷಂಟನ್ನ ಮಷೀನ್ ಬಲ್ಲಿ ಒಯ್ಯೋದಕಿಂತ, ಮಷೀನೇ ಪೇಷಂಟ್ ಬಲ್ಲಿ ಬಂದರ ಬೇಸಲ್ಲೇನ್ರೀ?"

"ನಿಮ್ಮ ಪಾಯಿಂಟ್ ನೋಟ್ ಮಾಡ್ಕೊಂಡೀವಿ ಮಹಾನಂದಾಬಾಯಿ" ಎಂದರು ಸಾಹೇಬರು. ಬರೆದುಕೊಳ್ಳಬೇಕಾದವರ ಪೆನ್ನಿನ ಟೋಪಿ ತೆರೆದಿರಲೇ ಇಲ್ಲ.

ಎರಡನೇ ಸಭೆಯಲ್ಲೂ ಅದೇ ಆಯಿತು. ಮೂರನೆಯದಕ್ಕೆ ಮುಂಚೆ ನಾನು ಸ್ಟೇಶನ್ ಬಜಾರಿನ ದರ್ಜಿಯೊಬ್ಬನಿಂದ ಅಳತೆ ಪಟ್ಟಿ ತಂದೆ. ಊಟದ ಬಿಡುವಿನಲ್ಲಿ ನಾನೂ ಖಾಜಾಪಾಷಾನೂ ಬಾಗಿಲು, ವರಾಂಡ, ಹೊಸ್ತಿಲು, ಮಂಚಗಳ ನಡುವಿನ ಜಾಗ ಎಲ್ಲವನ್ನೂ ಅಳೆದೆವು. ಛತ್ತು ಅಳೆಯಲು ಅವನು ಏಣಿ ಹತ್ತಿ, ಮೇಲಿನಿಂದ, "ಆಪಾ, ಇದು ಪರಶಿ ಛತ್ತು. ಮಷೀನ್ ಇರಲಿ, ಫ್ಯಾನ್ ತಿರುಗಿದರೇ ಮಣ್ಣು ಉದುರತದ" ಅಂದ. ಕಬ್ಬಿಣದ ತೊಲೆಗಳ ಮೇಲೆ ಕಲ್ಲಿನ ಚಪ್ಪಡಿ ಹಾಸಿದ ಹಳೆಯ ಛತ್ತು ಅದು. ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದು ಸಭೆಯಲ್ಲಿ ಇಟ್ಟೆ. ಎಂಜಿನಿಯರ್ ಬಂದು ನೋಡಿ, ಈ ಛತ್ತು ಅಂಥ ಭಾರ ತಡೆಯುವುದಿಲ್ಲ ಎಂದು ಹೇಳಿಹೋದರು.

ಇನ್ನಾದರೂ ಬುದ್ಧಿ ಬಂದೀತು ಎಂದುಕೊಂಡೆ. ಸಾಹೇಬರು, "ಹಂಗಿದ್ದರ ಹೊಸ ಕೋಣಿ ಕಟ್ಟಿಸೋಣು. ಮುಂದಿನ ವರ್ಷ ಮಷೀನ್ ತರೋಣು" ಅಂದರು.

ಡಾ. ಶೈಲಜಾ ಫೈಲು ಮುಚ್ಚಿ ಕೇಳಿದರು. "ಮುಂದಿನ ವರ್ಷದ ತನಕ ಬಿದ್ದವರು ಎಲ್ಲಿಗಿ ಹೋಗಬೇಕು ಸರ್? ಬೀಳಬ್ಯಾಡ್ರಿ ಅಂತ ಬೋರ್ಡ್ ಹಾಕೋಣೇನು?"

ಯಾರೂ ನಗಲಿಲ್ಲ. ಆದರೆ ಆ ಮಾತಿನಿಂದ ಒಂದು ಉಪಯೋಗವಾಯಿತು. ಸಾಗಿಸಿಕೊಂಡು ಹೋಗಬಹುದಾದ ಯಂತ್ರಗಳನ್ನೂ ಒಮ್ಮೆ ನೋಡೋಣ ಎಂದರು ಸಾಹೇಬರು. ಹೋಟೆಲಿನ ಹಾಲ್‌ನಲ್ಲಿ ತೋರಿಸುತ್ತೇವೆ, ಊಟವೂ ಅಲ್ಲೇ ಎಂದರು ಕಂಪನಿಯವರು. ಬೇಡ, ತುರ್ತು ವಿಭಾಗಕ್ಕೇ ತರಬೇಕು ಎಂದು ನಾನು ಹಟ ಹಿಡಿದೆ. ಊಟ ತಪ್ಪಿದ್ದಕ್ಕೆ ಲೆಕ್ಕಪತ್ರದವರು ನನ್ನನ್ನು ಇವತ್ತಿಗೂ ಕ್ಷಮಿಸಿರಲಾರರು.

ಮೂರು ಕಂಪನಿಯವರು ಮೂರು ಯಂತ್ರ ತಂದರು. ಖಾಜಾಪಾಷಾನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ, ಕುತ್ತಿಗೆಗೆ ಪಟ್ಟಿ ಕಟ್ಟಿ, "ನೀ ಪೇಷಂಟು, ಅಳ್ಳಾಡಬ್ಯಾಡ" ಎಂದೆ. ಆ ಸೆಕೆಯಲ್ಲಿ ಅವನು ಎರಡು ತಾಸು ಹಾಗೇ ಮಲಗಿದ್ದ. ಕಿರಣ ಬಿಡುವುದೇನೂ ಇರಲಿಲ್ಲ. ಯಂತ್ರವನ್ನು ತಂದು, ಮಂಚಗಳ ನಡುವೆ ನುಗ್ಗಿಸಿ, ತೋಳು ಅವನ ಮೇಲೆ ಸರಿಯಾಗಿ ನಿಲ್ಲಿಸಿ, ಪ್ಲೇಟನ್ನು ಅವನಡಿ ಸೇರಿಸುವವರೆಗೆ ಡಾ. ಶೈಲಜಾ ಗಡಿಯಾರ ನೋಡುತ್ತಿದ್ದರು.

ಮೊದಲನೆಯದು ತುರ್ತು ವಿಭಾಗದ ಬಾಗಿಲ ಹೊಸ್ತಿಲನ್ನೇ ದಾಟಲಿಲ್ಲ. ತಂದವನು ಬೆವರು ಒರೆಸಿಕೊಳ್ಳುತ್ತ, "ಇದರಾಗ ಎಐ ಅದ ಮೇಡಂ, ಮುರಿದಿದ್ದು ಎಲ್ಲಿ ಅಂತ ತಾನೇ ಹೇಳತದ" ಅಂದ.

"ಹೇಳಲಿ ಅಪ್ಪಾ. ಮೊದಲ ಒಳಗ ಬರಲಿ" ಎಂದೆ.

ಎರಡನೆಯದು ಒಳಗೆ ಬಂತು. ಆದರೆ ಅದರ ತೋಳು ಎಷ್ಟು ಗಿಡ್ಡವಾಗಿತ್ತೆಂದರೆ ಖಾಜಾಪಾಷಾನ ಆಚೆಯ ಭುಜಕ್ಕೆ ಮುಟ್ಟುತ್ತಿರಲಿಲ್ಲ. ರೋಗಿಯನ್ನೇ ಈಚೆ ಸರಿಸಬೇಕು ಎಂದ ಅದರವನು. ಆ ಸರಿಸುವ ಕೆಲಸ ಬೇಡವೆಂದೇ ಇಷ್ಟೆಲ್ಲ ಮಾಡುತ್ತಿರುವುದು ಎಂದು ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತು.

ಮೂರನೆಯದು ನೋಡಲು ಏನೂ ಇರಲಿಲ್ಲ. ಬೂದು ಬಣ್ಣ, ನೀಲಿ ದೀಪವಿಲ್ಲ. ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ನಾನೊಬ್ಬಳೇ ಒಂದು ಕೈಯಲ್ಲಿ ದಬ್ಬಿದರೆ ಹೊಸ್ತಿಲು ಹತ್ತಿ ಇಳಿಯಿತು. ಅದರ ಜೊತೆಗೆ ಬಂದ ಸ್ಟ್ರೆಚರಿನಲ್ಲಿ ಹಾಸಿಗೆಯ ಕೆಳಗೆ ಒಂದು ಸಂದು ಇತ್ತು. ಪ್ಲೇಟನ್ನು ಆ ಸಂದಿನಲ್ಲಿ ಸರಿಸಿದರೆ ಆಯಿತು, ಮಲಗಿದವನ ಮೈ ಮುಟ್ಟಬೇಕಾಗಿರಲಿಲ್ಲ. ಚಿತ್ರ ತಂತಿಯಿಲ್ಲದೆ ಅಲ್ಲೇ ಪರದೆಗೆ ಬರುತ್ತಿತ್ತು.

"ಕೆಟ್ಟರ ರಿಪೇರಿ ಮಾಡಾಕ ಎಲ್ಲಿಂದ ಬರ್ತೀರಿ?" ಎಂದು ಕೇಳಿದೆ.

"ಕಲಬುರಗಿಯೊಳಗೇ ನಮ್ಮ ಮನುಷ್ಯಾ ಇದ್ದಾನ್ರೀ ಅಕ್ಕಾರ."

ಖಾಜಾಪಾಷಾ ಮಲಗಿದ್ದಲ್ಲಿಂದಲೇ, "ಆಪಾ, ಇದೇ ಇರಲಿ. ನನಗ ಏನೂ ಗೊತ್ತೇ ಆಗಲಿಲ್ಲ" ಅಂದ. ಹದಿನೆಂಟು ವರ್ಷದಲ್ಲಿ ನಾನು ಒಬ್ಬ ರೋಗಿಯ ಬಾಯಿಂದಲೂ ಆ ಮಾತು ಕೇಳಿರಲಿಲ್ಲ.

ನಾಲ್ಕನೇ ಸಭೆಯಲ್ಲಿ ಸಾಹೇಬರು ಎದ್ದು ನಿಂತು, ಕನ್ನಡಕ ತೆಗೆದು, ಗಂಭೀರವಾಗಿ ಹೇಳಿದರು. "ನಾ ಈ ಬಗ್ಗೆ ಭಾಳ ವಿಚಾರ ಮಾಡೀನಿ. ಪೇಷಂಟ್ ಮಷೀನ್ ಬಲ್ಲಿ ಹೋಗಬಾರದು. ಮಷೀನ್ ಪೇಷಂಟ್ ಬಲ್ಲಿ ಬರಬೇಕು." ಎಲ್ಲರೂ ಮೇಜು ತಟ್ಟಿದರು. ಈ ಸಲ ಪೆನ್ನು ತೆರೆದು ಬರೆದುಕೊಂಡರು. ಡಾ. ಶೈಲಜಾ ಹಿಂದಿರುಗಿ ನನ್ನನ್ನು ನೋಡಿ, ಸುಮ್ಮನಿರು ಎನ್ನುವಂತೆ ಕಣ್ಣು ಮುಚ್ಚಿ ತೆರೆದರು. ನನಗೆ ಯಂತ್ರ ಬಂದರೆ ಸಾಕಾಗಿತ್ತು. ಆದರೂ ಆ ಸಂಜೆ ಬಸ್ಸಿನಲ್ಲಿ ಕಮಲಾಪುರ ಬರುವವರೆಗೂ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡೇ ಕೂತಿದ್ದೆ.

ಮಳೆ ಹಿಡಿದ ಮೇಲೆ ಯಂತ್ರ ಬಂತು. ಪೆಟ್ಟಿಗೆಯನ್ನು ವರಾಂಡದಲ್ಲಿಟ್ಟು, ಯಾರು ಬಿಚ್ಚಬೇಕು, ಯಾರ ಸಹಿ ಬೇಕು ಎಂಬುದರಲ್ಲಿ ಎರಡು ವಾರ ಕಳೆದರು. ಇರಚಲು ಬಡಿಯಬಾರದೆಂದು ನಾನೇ ಮೇಲೆ ತಾಡಪತ್ರಿ ಹೊದಿಸಿದೆ. ಕೊನೆಗೆ ಬಿಚ್ಚಿದರು. ಕಂಪನಿಯವರು ಬಂದು ಜೋಡಿಸಿದರು. ವಿಕಿರಣದ ಪರೀಕ್ಷೆ ಆಯಿತು, ಪರವಾನಗಿ ಬಂತು, ನನಗೂ ತರಬೇತಿ ಆಯಿತು. ಇನ್ನೇನು ಶುರು ಮಾಡಬೇಕು ಎನ್ನುವಾಗ ಸಾಹೇಬರ ಕಚೇರಿಯಿಂದ ಒಬ್ಬರು ಬಂದು ಯಂತ್ರದ ಸುತ್ತ ಕೆಂಪು ರಿಬ್ಬನ್ ಕಟ್ಟಿ ಹೂವಿನಂಥ ಗಂಟು ಹಾಕಿದರು. ಉದ್ಘಾಟನೆಯ ತನಕ ಯಾರೂ ಮುಟ್ಟುವಂತಿಲ್ಲ.

ಉದ್ಘಾಟನೆಯ ದಿನ ಮೂರು ಸಲ ಮುಂದೆ ಹೋಯಿತು. ಒಮ್ಮೆ ಅತಿಥಿಗಳ ಸಮಯ ಹೊಂದಲಿಲ್ಲ ಎಂದರು, ಒಮ್ಮೆ ದಿನ ಚೆನ್ನಾಗಿಲ್ಲ ಎಂದರು, ಒಮ್ಮೆ ಶಾಮಿಯಾನಾ ಮಳೆಯಲ್ಲಿ ತೊಯ್ದಿತು ಎಂದರು. ಅಷ್ಟು ದಿನವೂ ಹೊಸ ಪ್ಲಾಸ್ಟಿಕ್ಕಿನ ವಾಸನೆ ಸೂಸುತ್ತ ಆ ಯಂತ್ರ ಗೋಡೆಯ ಪಕ್ಕ ನಿಂತಿತ್ತು. ಅದರ ಮುಂದಿನಿಂದಲೇ ನಾವು ಸ್ಟ್ರೆಚರುಗಳನ್ನು ದಬ್ಬಿಕೊಂಡು, ಸೋರುವ ವರಾಂಡ ದಾಟಿ, ಹಳೆಯ ಮೇಜಿನ ಮೇಲೆ ಜನರನ್ನು ಎತ್ತಿ ಎತ್ತಿ ಇಡುತ್ತಿದ್ದೆವು. "ಆಪಾ, ಇದು ಮಷೀನೋ, ಮದುಮಗಳೋ?" ಎನ್ನುತ್ತಿದ್ದ ಖಾಜಾಪಾಷಾ. ನನಗೆ ನಗು ಬರುತ್ತಿರಲಿಲ್ಲ.

ಆಮೇಲೆ ಆ ದಿನ ಬಂತು. ಕಮಲಾಪುರದಲ್ಲಿ ಸಂತೆ. ಸಂತೆ ಮುಗಿಸಿಕೊಂಡವರನ್ನು ತುಂಬಿಕೊಂಡು ಹೊರಟ ಒಂದು ಟಂಟಂ ಆಟೊ ಕೆಸರಿನಲ್ಲಿ ಜಾರಿ ಗುಂಡಿಗೆ ಉರುಳಿತ್ತು. ಆರು ಜನ ಬಂದರು, ಬಹಳಷ್ಟು ತರಚು ಗಾಯ. ಕೊನೆಯವಳು ನಾಗಮ್ಮ, ಯಂತ್ರದ ಜೊತೆ ಬಂದು ರಿಬ್ಬನ್ ತಪ್ಪಿಸಿಕೊಂಡಿದ್ದ ಸಂದಿನ ಸ್ಟ್ರೆಚರಿನಲ್ಲಿದ್ದಳು. ನಮ್ಮ ಬಸ್ ನಿಲ್ದಾಣದ ಹತ್ತಿರ ಕೆಂಪು ಬಾಳೆಹಣ್ಣು ಮಾರುವವಳು. ನಾನು ವಾರಕ್ಕೊಮ್ಮೆಯಾದರೂ ಅವಳ ಹತ್ತಿರ ಚೌಕಾಸಿ ಮಾಡಿ ಬೈಸಿಕೊಂಡವಳು. ಕುತ್ತಿಗೆಗೆ ಪಟ್ಟಿ ಹಾಕಿದ್ದರು. ಮುಖ ಬೂದಿಯ ಹಾಗಿತ್ತು. ನನ್ನನ್ನು ಗುರುತು ಹಿಡಿದಳು.

"ಮಾನಂದವ್ವ, ನೀ ಇಲ್ಲೇನು? ನನ್ನ ಬುಟ್ಟಿ ಎಲ್ಲಿ ಹೋಯ್ತು ನೋಡವ್ವ."

"ಬುಟ್ಟಿ ಇರಲಿ ನಾಗಮ್ಮ. ತಲಿ ಅಳ್ಳಾಡಸಬ್ಯಾಡ. ಕೈಬೆರಳು ಆಡಸು ನೋಡೋಣ."

ಆಡಿಸಿದಳು. ಹತ್ತೂ ಬೆರಳು. ಆ ಬೆರಳುಗಳನ್ನು ನೋಡಿದ ಕೂಡಲೇ ನನಗೆ ಆಟೊದ ಹಮೀದ್ ನೆನಪಾದ. ಸಿಟಿ ಸ್ಕ್ಯಾನ್ ಬೇರೆ ಕಟ್ಟಡದಲ್ಲಿ, ಮಳೆಯಲ್ಲಿ ರಸ್ತೆ ದಾಟಿ ಹೋಗಬೇಕು. ಮೊದಲು ಇಲ್ಲೇ ಒಂದು ಚಿತ್ರ ನೋಡದೆ ಕಳಿಸುವುದಿಲ್ಲ ಎಂದರು ಡಾ. ಶೈಲಜಾ. ಹೇಳಿ ನನ್ನ ಮುಖ ನೋಡಿದರು. ನಾನು ಗೋಡೆಯ ಪಕ್ಕದ ಯಂತ್ರ ನೋಡಿದೆ.

"ಅಕ್ಕಾ, ನಾ ಹೇಳೀನಿ ಅಂತ ಬರೀರಿ" ಎಂದರು ಆಕೆ.

"ಬರಿಯೋದೇನು ಬ್ಯಾಡ್ರಿ" ಎಂದೆ. ಪ್ಲಾಸ್ಟರ್ ಕತ್ತರಿಸುವ ಕತ್ತರಿ ತೆಗೆದುಕೊಂಡು ಆ ಹೂವಿನ ಗಂಟನ್ನು ನಡುವೆ ಕತ್ತರಿಸಿದೆ. ಖಾಜಾಪಾಷಾ ರಿಬ್ಬನ್ನನ್ನು ಎಳೆದು ಬಿಸಾಕಿದ. ಯಂತ್ರವನ್ನು ನಾಗಮ್ಮನ ಹತ್ತಿರ ದಬ್ಬಿಕೊಂಡು ಬಂದೆ, ಪ್ಲೇಟನ್ನು ಹಾಸಿಗೆಯ ಕೆಳಗಿನ ಸಂದಿಗೆ ಸರಿಸಿದೆ. ಸುತ್ತಲಿನವರನ್ನು ಹಿಂದೆ ಸರಿಸಿ ಗುಂಡಿ ಒತ್ತಿದೆ. ಆಮೇಲೆ ಪ್ಲೇಟನ್ನು ಪಕ್ಕದಲ್ಲಿ ನಿಲ್ಲಿಸಿ ಇನ್ನೊಂದು. ಅವಳ ಸೆರಗಿನ ಮಡಿಕೆಯೂ ಅಲುಗಲಿಲ್ಲ.

ಪರದೆಯ ಮೇಲೆ ಚಿತ್ರ ಬಂತು. ಕುತ್ತಿಗೆಯ ಮೇಲಿನ ಎಲುಬಿನಲ್ಲಿ ಸಣ್ಣ ಗೆರೆ ಇತ್ತು, ಎಲುಬು ಸ್ವಲ್ಪವೇ ಮುಂದೆ ಸರಿದಿತ್ತು. ಡಾ. ಶೈಲಜಾ ಬಹಳ ಹೊತ್ತು ಅದನ್ನು ನೋಡಿ, "ಈಕಿನ್ನ ಆ ಮೇಜಿನ ಮ್ಯಾಲ ಎತ್ತಿದ್ದರ" ಎಂದು ಅರ್ಧಕ್ಕೆ ನಿಲ್ಲಿಸಿದರು. ತಲೆಯ ಎರಡೂ ಕಡೆ ಆಧಾರ ಕೊಟ್ಟು, ಪಟ್ಟಿಯಿಂದ ಬಿಗಿದು, ಆಮೇಲೆ ಅವಳನ್ನು ಮುಂದಕ್ಕೆ ಕಳಿಸಿದರು. ಶಸ್ತ್ರಚಿಕಿತ್ಸೆ ಆಯಿತು. ಮೂರು ತಿಂಗಳು ಪಟ್ಟಿ ಹಾಕಿಕೊಂಡಿದ್ದ ನಾಗಮ್ಮ ಮತ್ತೆ ಎರಡೂ ಕೈಯಲ್ಲಿ ಹಣ್ಣು ತೂಗತೊಡಗಿದಳು.

ಮರುದಿನ ನನಗೆ ಮೆಮೊ ಬಂತು. ಅನುಮತಿಯಿಲ್ಲದೆ ರಿಬ್ಬನ್ ಕತ್ತರಿಸಿ ಸಂಸ್ಥೆಯ ಶಿಸ್ತಿಗೆ ಧಕ್ಕೆ ತಂದಿದ್ದೀರಿ, ಮೂರು ದಿನದಲ್ಲಿ ಉತ್ತರ ಕೊಡಿ ಎಂದಿತ್ತು. ಉದ್ಘಾಟನೆಯ ತನಕ ಯಂತ್ರ ಬಳಸಬಾರದು ಎಂದು ಸಾಹೇಬರು ಬಾಯಿಮಾತಿನಲ್ಲಿ ಹೇಳಿ ಕಳಿಸಿದರು. ಅದನ್ನು ಬರವಣಿಗೆಯಲ್ಲಿ ಕೊಡಿ ಎಂದು ಡಾ. ಶೈಲಜಾ ಕೇಳಿದರು. ಬರವಣಿಗೆ ಬರಲಿಲ್ಲ. ನಾವು ದಿನವೂ ಬಳಸಿದೆವು. ಮೆಮೊಗೆ ನಾನು ಎರಡು ಸಾಲಿನ ಉತ್ತರ ಬರೆದೆ: ಪೇಷಂಟ್ ಬಂದಿದ್ದರು, ಮಷೀನ್ ಬೇಕಾಗಿತ್ತು.

ಹತ್ತು ದಿನದ ಮೇಲೆ ಉದ್ಘಾಟನೆ ನಡೆಯಿತು. ಹೊಸ ರಿಬ್ಬನ್ ಕಟ್ಟಿದರು. ಆ ಬೆಳಿಗ್ಗೆಯೇ ನಾಲ್ಕು ಜನರ ಚಿತ್ರ ತೆಗೆದಿದ್ದ ಯಂತ್ರವನ್ನು ಒರೆಸಿ ಹೊಸದರಂತೆ ನಿಲ್ಲಿಸಿದರು. ಅತಿಥಿ ಆ ದಾಲ್ ಮಿಲ್ಲಿನ ಹಿರಿಯರೇ. ಬಿಳಿ ಧೋತರ, ಕೈಯಲ್ಲಿ ಕೋಲು, ಜೊತೆಗೆ ಮಗಳು. ಸಾಹೇಬರು ಭಾಷಣದಲ್ಲಿ ಮಷೀನ್ ಪೇಷಂಟ್ ಬಲ್ಲಿ ಬರುವ ಮಾತನ್ನು ಎರಡು ಸಲ ಹೇಳಿದರು. ಹಿರಿಯರು ರಿಬ್ಬನ್ ಕತ್ತರಿಸಿದರು. ಚಪ್ಪಾಳೆಯಾಯಿತು. ಯಂತ್ರ ಚಾಲೂ ಮಾಡಿ ತೋರಿಸಲು ನನ್ನನ್ನು ಕರೆದರು.

ನಾನು ಗುಂಡಿ ಒತ್ತಿದೆ. ಪರದೆ ಹತ್ತಿಕೊಂಡಿತು. ಅಲ್ಲಿಯವರೆಗೆ ಚಿತ್ರ ತೆಗೆಸಿಕೊಂಡವರ ಹೆಸರುಗಳ ಪಟ್ಟಿ ಸಾಲಾಗಿ ಬಂತು. ಅದನ್ನು ಮುಚ್ಚಬೇಕೆಂದು ನನಗೆ ಹೊಳೆಯಲೇ ಇಲ್ಲ. ಹಿರಿಯರು ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದರು.

"ಇವರೆಲ್ಲ ಯಾರವ್ವ?"

"ಪೇಷಂಟರು ರೀ."

"ಇಷ್ಟು ಮಂದೀದು ಆಗಲೇ ತೆಗೆದೀರೇನು?"

ಹಿಂದೆ ಸಾಹೇಬರು ಗಂಟಲು ಸರಿಮಾಡಿಕೊಂಡರು. ಸುಳ್ಳು ಹೇಳುವುದಕ್ಕೆ ನನಗೆ ಮನಸ್ಸಾಗಲಿಲ್ಲ. "ಹೌದ್ರೀ ಯಜಮಾನ್ರ. ಹತ್ತು ದಿನ ಆಯ್ತು. ಅದಕ್ಕೂ ಮೊದಲ ಮೂರು ವಾರ ರಿಬ್ಬನ್ ಕಟ್ಟಿ ನಿಂದರಿಸಿದ್ರು, ನೀವು ಬರೋತನ."

ಹಿರಿಯರು ನೆಟ್ಟಗೆ ನಿಂತು ಮಗಳ ಕಡೆ ನೋಡಿದರು, ಆಮೇಲೆ ಸಾಹೇಬರ ಕಡೆ.

"ನನ್ನ ಸಲುವಾಗಿ ಕಾಯ್ರಿ ಅಂತ ನಾ ಯಾರಿಗಿ ಹೇಳಿದ್ದೆ?" ಎಂದು ಕೇಳಿದರು. ದನಿ ಏರಿರಲಿಲ್ಲ. ನಿಜವಾಗಿ ತಿಳಿಯಬೇಕಾದವರ ಹಾಗೆ ಕೇಳಿದರು. ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು. ಹಿರಿಯರು ಕೈಯಲ್ಲಿದ್ದ ಕತ್ತರಿಯನ್ನು ತಟ್ಟೆಯಲ್ಲಿ ಇಟ್ಟು, ಯಾರೂ ಹೇಳದಿದ್ದರೂ ಕೋಲೂರಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದರು. "ನಡೀರಿ, ಇವರಿಗಿ ಕೆಲಸ ಮಾಡಾಕ ಬಿಡ್ರಿ" ಎಂದು ಮಗಳಿಗೆ ಹೇಳುತ್ತ ಬಾಗಿಲ ಕಡೆ ಹೊರಟರು. ಅವರ ಹಿಂದೆ ಹಾರ, ಫೋಟೊದವರು, ಸಮಿತಿಯ ಏಳೂ ಜನ ಹೊರಟುಹೋದರು. ಮೆಮೊದ ಮಾತು ಮತ್ತೆ ಯಾರೂ ಎತ್ತಲಿಲ್ಲ.